ನಾಲ್ಕೈದು ಜನರಿದ್ದರೂ ಕೋಲಾಟ: ಚಿಕ್ಕ ಗುಂಪನ್ನು ಮುನ್ನಡೆಸುವವರಿಗೊಂದು ಸಮಗ್ರ ಮಾರ್ಗದರ್ಶಿ

ಕೋಲಾಟ ಕಟ್ಟಬೇಕೆಂದರೆ ಕಡಿಮೆಯೆಂದರೂ ಹತ್ತು ಹನ್ನೆರಡು ಜನ ಬೇಕು ಎಂಬ ಮಾತು ಮಹಿಳಾ ಮಂಡಳಿಗಳಲ್ಲಿ, ಶಾಲೆಗಳಲ್ಲಿ, ಅಪಾರ್ಟ್‌ಮೆಂಟುಗಳ ಕನ್ನಡ ಬಳಗಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಐದಾರು ಜನ ಆಸೆಯಿಂದ ಸೇರಿ, ಇನ್ನಷ್ಟು ಜನ ಬರಲೆಂದು ಕಾಯುತ್ತ ಕಾಯುತ್ತ ಕೊನೆಗೆ ಕೈಬಿಟ್ಟ ಗುಂಪುಗಳು ಎಷ್ಟೋ ಇವೆ. ಇದು ಅನಗತ್ಯವಾದ ನಷ್ಟ. ಕೋಲಾಟ ನಿಂತಿರುವುದು ಜೋಡಿಯ ಮೇಲೆ: ಎದುರಿಗೊಬ್ಬರು ಇದ್ದು, ಅವರ ಕೋಲಿಗೆ ನಮ್ಮ ಕೋಲು ತಾಗಿದರೆ ಆಟ ಆರಂಭವಾದಂತೆಯೇ. ಉಳಿದದ್ದೆಲ್ಲ ಆ ಜೋಡಿಗಳನ್ನು ಹೇಗೆ ನಿಲ್ಲಿಸುತ್ತೇವೆ, ಹೇಗೆ ಬದಲಿಸುತ್ತೇವೆ ಎಂಬುದರ ಲೆಕ್ಕ. ಆ ಲೆಕ್ಕ ನಾಲ್ವರಿಗೆ ಒಂದು ಬಗೆ, ಆರು ಜನರಿಗೆ ಇನ್ನೊಂದು ಬಗೆ, ಐವರಿಗೆ ಮತ್ತೊಂದು ಬಗೆಯಾದ್ದರಿಂದ, ದೊಡ್ಡ ಗುಂಪಿನ ಕೋಲಾಟವನ್ನು ನೋಡಿ ಅದನ್ನೇ ಕುಗ್ಗಿಸಿ ಆಡಿಸಲು ಹೊರಟಾಗ ತೊಡಕುಗಳು ಹುಟ್ಟಿಕೊಳ್ಳುತ್ತವೆ. ಮೂವರಿಂದ ಎಂಟು ಜನರವರೆಗಿನ ಗುಂಪನ್ನು ಮೊದಲ ಚಪ್ಪಾಳೆಯಿಂದ, ಬಣ್ಣದ ಹಗ್ಗಗಳನ್ನು ಹೆಣೆಯುತ್ತ ಆಡುವ ಜಡೆ ಕೋಲಾಟದವರೆಗೆ ಹೇಗೆ ಕರೆದೊಯ್ಯಬಹುದು ಎಂಬುದನ್ನು ಇಲ್ಲಿ ಹಂತಹಂತವಾಗಿ ವಿವರಿಸಿದ್ದೇನೆ.

ಕೋಲಾಟವೇ ಏಕೆ

ನಮ್ಮ ನಾಡಿನ ಕುಣಿತಗಳೆಲ್ಲವೂ ಯಾರು ಬೇಕಾದರೂ ಎಲ್ಲಿ ಬೇಕಾದರೂ ಎತ್ತಿಕೊಳ್ಳುವಂಥವಲ್ಲ. ಕಂಸಾಳೆ ಮಲೆ ಮಹದೇಶ್ವರನ ಭಕ್ತರಾದ ಗುಡ್ಡರ ದೀಕ್ಷೆಗೆ ಸೇರಿದ ಕಲೆ. ವೀರಗಾಸೆ ವೀರಭದ್ರನ ಆರಾಧನೆಯ ಭಾಗ. ಡೊಳ್ಳು ಕುಣಿತ ಬೀರೇಶ್ವರನ ಒಕ್ಕಲಿನವರಾದ ಹಾಲುಮತದವರ ಪರಂಪರೆಯಿಂದ ಬಂದದ್ದು, ಮೇಲಾಗಿ ಅದರ ಸೊಗಸೇ ಅನೇಕ ಡೊಳ್ಳುಗಳ ಒಗ್ಗಟ್ಟಿನ ಮೊಳಗಿನಲ್ಲಿದೆ. ಇವುಗಳನ್ನು ಆಯಾ ಪರಂಪರೆಯವರ ಬಳಿ ಹೋಗಿ, ಅವರು ಹೇಳಿದ ಕಟ್ಟಳೆಗೆ ಒಳಪಟ್ಟು ಕಲಿಯಬೇಕು. ಕೊಡವ ಹೆಣ್ಣುಮಕ್ಕಳು ತಾಳ ಹಿಡಿದು ಸುತ್ತಾಗಿ ಆಡುವ ಉಮ್ಮತ್ತಾಟ್ ಚಿಕ್ಕ ಗುಂಪಿಗೆ ಚೆನ್ನಾಗಿಯೇ ಒಗ್ಗುತ್ತದೆಯಾದರೂ, ಅದನ್ನು ಕೊಡವ ಭಾಷೆ ಬಲ್ಲವರಿಂದಲೇ ಕಲಿತರೆ ಚೆನ್ನ. ಇಬ್ಬರೇ ಇದ್ದರೆ ಕಾರವಾರದ ಕಡೆಯ ಫುಗಡಿ ಇದೆ: ಕೈಗಳನ್ನು ಅಡ್ಡಡ್ಡ ಹಿಡಿದು, ಪಾದಗಳನ್ನು ಹತ್ತಿರ ಇಟ್ಟು, ಹಿಂದಕ್ಕೆ ವಾಲಿ ಗಿರಗಿರನೆ ತಿರುಗುವ ಆಟ. ಅದಕ್ಕೆ ಕಲಿಸುವವರಿಗಿಂತ ಗಟ್ಟಿ ಹಿಡಿತ ಮತ್ತು ಜಾರದ ನೆಲ ಮುಖ್ಯ.

ಕೋಲಾಟ ಹಾಗಲ್ಲ. ಗಂಡಸರು ಆಡುತ್ತಾರೆ, ಹೆಂಗಸರು ಆಡುತ್ತಾರೆ, ಮಕ್ಕಳು ಆಡುತ್ತಾರೆ. ಸುಗ್ಗಿಯಲ್ಲಿ, ದೀಪಾವಳಿಯಲ್ಲಿ, ನವರಾತ್ರಿಯಲ್ಲಿ, ಊರ ಜಾತ್ರೆಯಲ್ಲಿ ಆಡುತ್ತಾರೆ. ಕೊಡಗಿನಲ್ಲಿ ಸುಗ್ಗಿಹಬ್ಬವಾದ ಪುತ್ತರಿಯ ಕಾಲಕ್ಕೆ ಊರ ಬಯಲುಗಳಾದ ಮಂದ್‌ಗಳಲ್ಲಿ ಕೋಲಾಟ್ ನಡೆಯುತ್ತದೆ. ಹಂಪಿಯ ಮಹಾನವಮಿ ದಿಬ್ಬದ ಉಬ್ಬುಶಿಲ್ಪಗಳಲ್ಲಿ ಕೋಲು ಹಿಡಿದು ಆಡುವವರ ಸಾಲು ಇರುವುದನ್ನು ಕಂಡರೆ ವಿಜಯನಗರದ ಕಾಲಕ್ಕಾಗಲೇ ಅದು ಎಷ್ಟು ಬಳಕೆಯಲ್ಲಿತ್ತು ಎಂಬುದು ತಿಳಿಯುತ್ತದೆ. ಯಾರೂ ಹೊರಗಿನವರಾಗದ ಆಟವಾದ್ದರಿಂದ, ಪರಿಚಯವಿಲ್ಲದ ನಾಲ್ಕು ಜನರನ್ನು ಒಂದೆಡೆ ಸೇರಿಸಲು ಇದಕ್ಕಿಂತ ಒಳ್ಳೆಯ ಸಾಧನವನ್ನು ನಾನು ಕಂಡಿಲ್ಲ.

ಕೋಲು, ಜಾಗ, ಉಡುಪು

ಕೋಲು 1 ರಿಂದ 1.5 ಅಡಿ ಉದ್ದ, ಹೆಬ್ಬೆರಳಿನಷ್ಟು ದಪ್ಪ ಇದ್ದರೆ ಸಾಕು. ಮರ ಗಟ್ಟಿಯಾಗಿರಬೇಕು, ಚೆನ್ನಾಗಿ ಒಣಗಿರಬೇಕು. ಹಸಿಮರದ ಕೋಲು ಮಂಕಾದ ಸದ್ದು ಕೊಡುತ್ತದೆ; ದೊಡ್ಡ ಗುಂಪಿನಲ್ಲಿ ಅದು ಮುಚ್ಚಿಹೋದರೂ ನಾಲ್ಕು ಜನರಲ್ಲಿ ಒಬ್ಬರ ಕೋಲು ಮಂಕಾದರೆ ತಾಳವೇ ಕುಂಟಿದಂತೆ ಕೇಳುತ್ತದೆ. ಆದ್ದರಿಂದ ಎಲ್ಲರ ಕೋಲುಗಳನ್ನೂ ಒಂದೇ ಮರದಿಂದ, ಒಂದೇ ಅಳತೆಗೆ ಮಾಡಿಸುವುದು ಲೇಸು. ಪ್ಲಾಸ್ಟಿಕ್ ಕೊಳವೆಯನ್ನು ಕತ್ತರಿಸಿ ಕೊಡುವ ರೂಢಿ ಕೆಲವು ಶಾಲೆಗಳಲ್ಲಿದೆ. ಅದು ಹಗುರವೇನೋ ಹೌದು, ಆದರೆ ಅದರ ಸದ್ದಿಗೆ ಕೊನೆಯೇ ಇಲ್ಲದಂತಿದ್ದು ಒಂದು ಪೆಟ್ಟು ಇನ್ನೊಂದರ ಮೇಲೆ ಬೀಳುತ್ತದೆ. ಬೇರೆ ದೇಶಗಳಲ್ಲಿರುವ ಕನ್ನಡಿಗರು ಅಲ್ಲಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ದುಂಡನೆಯ ಮರದ ಸರಳನ್ನು ಕೊಯ್ಸಿಕೊಂಡು, ತುದಿಗಳನ್ನು ಉಪ್ಪುಕಾಗದದಿಂದ ಉಜ್ಜಿಕೊಂಡರೆ ಕೆಲಸ ನಡೆಯುತ್ತದೆ.

ಪ್ರತಿಯೊಬ್ಬರ ಬಲಗೈ ಕೋಲಿನ ಬುಡಕ್ಕೆ ಕೆಂಪು ದಾರ ಸುತ್ತಿಸಿ. ಇದು ಅಲಂಕಾರಕ್ಕಲ್ಲ. ಎದುರುಬದುರು ನಿಂತಾಗ ನನ್ನ ಬಲವೂ ನಿಮ್ಮ ಬಲವೂ ಒಂದೇ ಬದಿಯಲ್ಲಿ ಇರುವುದಿಲ್ಲವಾದ್ದರಿಂದ, ಬಲ ಯಾವುದು ಎಡ ಯಾವುದು ಎಂದು ಯೋಚಿಸುವ ಅರೆಗಳಿಗೆಯಲ್ಲಿ ತಾಳ ತಪ್ಪುತ್ತದೆ. ‘ಕೆಂಪಿಗೆ ಕೆಂಪು, ಬರಿಗೆ ಬರಿ’ ಎಂದುಬಿಟ್ಟರೆ ಏಳು ವರ್ಷದ ಮಗುವಿಗೂ ಎಪ್ಪತ್ತರ ಅಜ್ಜಿಗೂ ಒಮ್ಮೆಗೇ ಅರ್ಥವಾಗುತ್ತದೆ.

ಆರು ಜನರಿಗೆ 12 ಅಡಿ ಉದ್ದ, 12 ಅಡಿ ಅಗಲದ ಜಾಗ ಸಾಕಾಗುತ್ತದೆ. ಮನೆಯೊಳಗೆ ಆಡುವುದಾದರೆ ಮೊದಲು ತಲೆಯೆತ್ತಿ ಫ್ಯಾನು ಎಷ್ಟು ಎತ್ತರದಲ್ಲಿದೆಯೆಂದು ನೋಡಿ. ಚಾಪೆ, ಜಮಖಾನೆ ಹಾಸಿದ ನೆಲ ಜಾರುತ್ತದೆ. ಬರಿಗಾಲು, ಬರಿನೆಲ ಉತ್ತಮ. ಗಾಜಿನ ಬಳೆಗಳನ್ನು ತೆಗೆದಿಡಬೇಕು. ಸೆರಗು, ದುಪಟ್ಟಾಗಳನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಬೇಕು.

ಪದ ಮತ್ತು ತಾಳ

ಕೋಲಾಟದ ಪದಗಳ ಕಟ್ಟು ಚಿಕ್ಕ ಗುಂಪಿಗೆಂದೇ ಮಾಡಿದಂತಿದೆ: ಒಬ್ಬರು ಒಂದು ಸಾಲು ಹೇಳುತ್ತಾರೆ, ಉಳಿದವರು ಅದನ್ನು ಎತ್ತಿಕೊಳ್ಳುತ್ತಾರೆ ಅಥವಾ ಪಲ್ಲವಿಯಂತೆ ಮರಳಿ ಮರಳಿ ಬರುವ ಸೊಲ್ಲು ಹೇಳುತ್ತಾರೆ. ‘ಕೋಲು ಕೋಲಣ್ಣ ಕೋಲೆ’ ಎಂಬ ಸೊಲ್ಲು ಹಲವು ಊರುಗಳಲ್ಲಿ ಹಲವು ಮಟ್ಟುಗಳಲ್ಲಿ ಕೇಳಸಿಗುತ್ತದೆ. ಮೊದಲ ಪದ ಸಾಮಾನ್ಯವಾಗಿ ಗಣಪತಿಯದ್ದು ಅಥವಾ ಶಾರದೆಯದ್ದು. ಗುಂಪಿನಲ್ಲಿ ಯಾರದಾದರೂ ಮನೆಯಲ್ಲಿ ಪದ ಬಲ್ಲ ಹಿರಿಯರಿದ್ದರೆ ಅವರನ್ನು ಮೊದಲು ಕರೆತನ್ನಿ. ಒಪ್ಪಿಗೆ ಕೇಳಿ ಮೊಬೈಲಿನಲ್ಲಿ ಪದವನ್ನು ಹಿಡಿದಿಟ್ಟುಕೊಳ್ಳಿ. ಅವರ ಊರು ಯಾವುದು, ಅವರಿಗೆ ಯಾರು ಹೇಳಿಕೊಟ್ಟರು ಎಂಬುದನ್ನೂ ಬರೆದಿಡಿ. ಅಂಥವರು ಹತ್ತಿರದಲ್ಲಿ ಇಲ್ಲದಿದ್ದರೆ, ಜಾನಪದ ವಿದ್ವಾಂಸ ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ, 1994ರಲ್ಲಿ ಆರಂಭವಾದ ‘ಜಾನಪದ ಲೋಕ’ ಎಂಬ ಜಾನಪದ ವಸ್ತುಸಂಗ್ರಹಾಲಯಕ್ಕೆ ಒಮ್ಮೆ ಗುಂಪಿನವರೆಲ್ಲ ಸೇರಿ ಹೋಗಿಬರುವುದು ಒಳ್ಳೆಯದು. ಬಡಗಣ ಭಾಗದವರಿಗೆ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪನೆಯಾದ ಜಾನಪದ ವಿಶ್ವವಿದ್ಯಾಲಯವಿದೆ.

ಪದ ಆರಿಸಿದ ಮೇಲೆ ಅದರ ನಡೆ ನಾಲ್ಕರದೋ ಮೂರರದೋ ಎಂಬುದನ್ನು ಮುನ್ನಡೆಸುವವರು ಖಚಿತಪಡಿಸಿಕೊಳ್ಳಬೇಕು. ಪದ ಹೇಳುತ್ತ ಚಪ್ಪಾಳೆ ತಟ್ಟಿ, ಯಾವ ಚಪ್ಪಾಳೆ ತಾನಾಗಿ ಜೋರಾಗಿ ಬೀಳುತ್ತದೆ ಎಂದು ಗಮನಿಸಿ. ಪ್ರತಿ ನಾಲ್ಕನೆಯ ಚಪ್ಪಾಳೆ ಆದ ಮೇಲೆ ಜೋರು ಬಂದರೆ ನಾಲ್ಕರ ನಡೆ, ಮೂರಾದ ಮೇಲೆ ಬಂದರೆ ಮೂರರ ನಡೆ. ಮೂರರ ನಡೆಯ ಪದಕ್ಕೆ ನಾಲ್ಕು ಪೆಟ್ಟಿನ ವರಸೆ, ಅಂದರೆ ಪೆಟ್ಟುಗಳ ಕಟ್ಟು, ಹಾಕಿದರೆ ಮೊದಲ ಸಾಲು ಸರಿಯಾಗಿದ್ದಂತೆ ಕಂಡರೂ ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಪದದ ಒತ್ತು ಒಂದು ಕಡೆ, ಕೋಲಿನ ಒತ್ತು ಇನ್ನೊಂದು ಕಡೆ ಬಿದ್ದು ಎಲ್ಲರೂ ಗಲಿಬಿಲಿಗೊಳ್ಳುತ್ತಾರೆ; ತಪ್ಪು ಕಾಲಿನದೆಂದು ತಿಳಿದು ಕಾಲನ್ನೇ ತಿದ್ದುತ್ತ ಕೂರುವುದು ಆಗ ಸಾಮಾನ್ಯ.

ಧ್ವನಿಮುದ್ರಿಕೆ ಹಾಕಿಕೊಂಡು ಕಲಿಸಬೇಡಿ ಎಂದೇ ನನ್ನ ಬಲವಾದ ಸಲಹೆ. ಮುದ್ರಿತ ಹಾಡು ಯಾರಿಗೂ ಕಾಯುವುದಿಲ್ಲ. ಅಜ್ಜಿಯೊಬ್ಬರು ತಿರುಗುವುದಕ್ಕೆ ಅರೆಗಳಿಗೆ ಹೆಚ್ಚು ಬೇಕೆಂದಾಗ ಪದ ಹೇಳುವವರು ಸೊಲ್ಲನ್ನು ಇನ್ನೊಮ್ಮೆ ಹೇಳಿ ಕಾಯಬಹುದು. ಸ್ಪೀಕರಿಗೆ ಅದು ಸಾಧ್ಯವಿಲ್ಲ. ಕುಣಿಯುತ್ತ ಹಾಡಿದರೆ ಉಸಿರು ಸಾಲುವುದಿಲ್ಲ ಎಂಬ ಅಂಜಿಕೆ ಸಹಜವೇ. ಅದಕ್ಕಾಗಿ ಗುಂಪನ್ನು ಎರಡು ಭಾಗ ಮಾಡಿ, ಒಂದು ಭಾಗ ಸಾಲು ಹೇಳುವಾಗ ಇನ್ನೊಂದು ಭಾಗ ಉಸಿರು ತೆಗೆದುಕೊಳ್ಳುವಂತೆ, ಅವರು ಎತ್ತಿಕೊಳ್ಳುವಾಗ ಇವರು ಸುಮ್ಮನಿರುವಂತೆ ಹಂಚಿಬಿಡಿ. ಶ್ರುತಿಯನ್ನು ಗುಂಪಿನಲ್ಲಿ ಅತಿ ತಗ್ಗಿನ ದನಿಯವರಿಗೆ ಹೊಂದಿಸಿ. ವೇಗ ಆರಾಮವಾಗಿ ನಡೆಯುವಷ್ಟಿರಲಿ.

ಮೊದಲ ದಿನ: ಕುಳಿತೇ ಕಲಿಯುವುದು

ಮೊದಲ ದಿನ ಯಾರ ಕೈಗೂ ಕೋಲು ಕೊಡದೆ ಸುತ್ತಾಗಿ ಕೂರಿಸಿ. ನೀವೂ ಅದೇ ಸುತ್ತಿನಲ್ಲಿ ಕುಳಿತುಕೊಳ್ಳಿ. ಪದದ ಮೊದಲ ಸಾಲನ್ನೂ ಸೊಲ್ಲನ್ನೂ ಚಪ್ಪಾಳೆಯೊಂದಿಗೆ ಹೇಳಿಸಿ, ಯಾರೂ ಕಾಗದ ನೋಡದೆ ಹೇಳುವವರೆಗೆ ಮುಂದಕ್ಕೆ ಹೋಗಬೇಡಿ. ಆಮೇಲೆ ಜೋಡಿಜೋಡಿಯಾಗಿ ಎದುರುಬದುರು ಕೂರಿಸಿ, ಬರಿಗೈಯಲ್ಲೇ ಮೂಲ ವರಸೆಯನ್ನು ಕಲಿಸಿ: ಒಂದಕ್ಕೆ ತನ್ನ ಎರಡು ಕೈಗಳ ಚಪ್ಪಾಳೆ, ಎರಡಕ್ಕೆ ಎದುರಿನವರ ಬಲಗೈಗೆ ತನ್ನ ಬಲಗೈ, ಮೂರಕ್ಕೆ ಮತ್ತೆ ತನ್ನ ಚಪ್ಪಾಳೆ, ನಾಲ್ಕಕ್ಕೆ ಎಡಗೈಗೆ ಎಡಗೈ. ‘ತನ್ನ, ಬಲ, ತನ್ನ, ಎಡ’ ಎಂದು ಬಾಯಲ್ಲಿ ಹೇಳುತ್ತಲೇ ಮಾಡಿಸಬೇಕು. ಮಕ್ಕಳು ಅಂಗಳದಲ್ಲಿ ಆಡುವ ಕೈಚಪ್ಪಾಳೆಯ ಆಟವೇ ಇದಾದ್ದರಿಂದ ಯಾರಿಗೂ ಹೊಸದೆನಿಸುವುದಿಲ್ಲ. ಮೂರರ ನಡೆಯ ಪದವಾದರೆ ಇದೇ ವರಸೆ ‘ತನ್ನ, ಬಲ, ಎಡ’ ಎಂದು ಚಿಕ್ಕದಾಗುತ್ತದೆ.

ಇದು ನಿಂತ ಮೇಲೆ ಕೋಲು ಕೊಡಿ, ಆದರೆ ಇನ್ನೂ ಕುಳಿತೇ ಇರಲಿ. ಕೋಲನ್ನು ಬುಡದಿಂದ ಕಾಲು ಭಾಗ ಬಿಟ್ಟು ಸಡಿಲವಾಗಿ ಹಿಡಿಯಬೇಕು. ಪೆಟ್ಟು ತುದಿಯ ಕಡೆಯ ಮೂರನೆಯ ಒಂದು ಭಾಗದಲ್ಲಿ ಬೀಳಬೇಕು. ಮುಷ್ಟಿ ಬಿಗಿದು ಹಿಡಿದರೆ ಸದ್ದು ಸತ್ತುಹೋಗುತ್ತದೆ, ಮಣಿಕಟ್ಟೂ ನೋಯುತ್ತದೆ. ಕೋಲು ಹುಯ್ಯುವುದು ಮಣಿಕಟ್ಟಿನಿಂದ, ತೋಳಿನಿಂದಲ್ಲ. ಬೆರಳ ಗೆಣ್ಣಿಗೆ ಏಟು ಬೀಳುವುದು ಸಾಮಾನ್ಯವಾಗಿ ಎದುರಿನವರ ಕೈಯನ್ನು ನೋಡುತ್ತ ಹುಯ್ಯುವವರಿಂದ. ಕಣ್ಣು ಎಲ್ಲಿರುತ್ತದೆಯೋ ಕೋಲು ಅಲ್ಲಿಗೇ ಹೋಗುತ್ತದೆಯಾದ್ದರಿಂದ, ಕೋಲಿನ ತುದಿಯನ್ನು ನೋಡಿ ಎಂದು ಹೇಳಿ. ಇಬ್ಬರ ಕೋಲುಗಳೂ ಎದೆಯೆತ್ತರದಲ್ಲಿ, ನಡುವಿನ ಜಾಗದಲ್ಲಿ ಸಂಧಿಸಬೇಕು. ಎತ್ತರದಲ್ಲಿ ಬಹಳ ವ್ಯತ್ಯಾಸವಿರುವ ಜೋಡಿಯಾದರೆ ಗಿಡ್ಡನೆಯವರ ಎದೆಯೆತ್ತರಕ್ಕೆ ಹೊಂದಿಸಿಕೊಳ್ಳಬೇಕು.

ಈಗ ಎಲ್ಲರೂ ಕಣ್ಣು ಮುಚ್ಚಿ, ತಮ್ಮ ತಮ್ಮ ಕೋಲುಗಳನ್ನು ಮಾತ್ರ ತಟ್ಟುತ್ತ ಪದ ಹೇಳಲಿ. ನಾಲ್ವರಿದ್ದರೆ, ಎಂಟು ಕೋಲುಗಳು ನಾಲ್ಕು ಸದ್ದುಗಳಾಗಿ ಚದುರಿ ಬೀಳುತ್ತಿದ್ದದ್ದು ಮೆಲ್ಲಮೆಲ್ಲನೆ ಒಂದೇ ಸದ್ದಾಗುವುದನ್ನು ಎಲ್ಲರೂ ಕೇಳಿಸಿಕೊಳ್ಳುತ್ತಾರೆ. ದೊಡ್ಡ ಗುಂಪಿನಲ್ಲಿ ತಪ್ಪಿದವರ ಕೋಲು ಗದ್ದಲದಲ್ಲಿ ಅಡಗುತ್ತದೆ. ಇಲ್ಲಿ ಅಡಗಲು ಎಡೆಯಿಲ್ಲ, ಹಾಗಾಗಿ ಇಲ್ಲಿ ಕಿವಿ ಬೇಗ ಪಳಗುತ್ತದೆ. ಚಿಕ್ಕ ಗುಂಪಿನ ಅತಿ ದೊಡ್ಡ ಅನುಕೂಲ ಇದೇ ಎಂದು ನನ್ನ ನಂಬಿಕೆ. ಈ ಅಭ್ಯಾಸವನ್ನು ಪ್ರತಿ ಸಲ ಸೇರಿದಾಗಲೂ ಮೊದಲು ಮಾಡಿಸಿ.

ಹೆಜ್ಜೆ

ಕುಳಿತು ಪಳಗಿದ ಮೇಲೆ ನಿಲ್ಲಿಸಿ. ಇಬ್ಬರೂ ಕೋಲು ಚಾಚಿದರೆ ತುದಿಯ ಮೂರನೆಯ ಭಾಗಗಳು ಒಂದರ ಮೇಲೊಂದು ಬರುವಷ್ಟು ದೂರ ಸರಿಯಾದ ದೂರ. ಮಂಡಿಯನ್ನು ತುಸು ಬಗ್ಗಿಸಿ ನಿಲ್ಲಬೇಕು. ಸೆಟೆದು ನಿಂತವರ ಹೆಜ್ಜೆ ಪೆಟ್ಟಿಗಿಂತ ತಡವಾಗಿ ಬರುತ್ತದೆ. ಪ್ರತಿ ಪೆಟ್ಟಿಗೂ ಒಂದೊಂದು ಹೆಜ್ಜೆ, ಬಲ ಎಡ ಬಲ ಎಡ, ಇದ್ದಲ್ಲೇ ಎತ್ತಿ ಇಡುವುದು. ಅಷ್ಟೇ. ಕುಪ್ಪಳಿಕೆ, ಕುಕ್ಕರಿಕೆ, ಅರೆತಿರುವುಗಳನ್ನು ಜನರು ತಾವಾಗಿ ಕೇಳುವವರೆಗೆ ಮುಟ್ಟಬೇಡಿ.

ಹೆಜ್ಜೆ ತೋರಿಸುವಾಗ ಗುಂಪಿಗೆ ಬೆನ್ನು ಮಾಡಿ ನಿಂತು ತೋರಿಸಿ. ಎದುರು ನಿಂತು ತೋರಿಸಿದರೆ ನಿಮ್ಮ ಬಲವನ್ನು ಅವರು ಎಡವಾಗಿ ಹಿಡಿಯುತ್ತಾರೆ. ಒಮ್ಮೆ ತೋರಿಸಿ ಮುಗಿಸಿದ ಕೂಡಲೇ ಮತ್ತೆ ನಿಮ್ಮ ಜಾಗಕ್ಕೆ ಬಂದು ಜೋಡಿಯಾಗಿ ಸೇರಿಕೊಳ್ಳಿ.

ನಾಲ್ವರ ಚೌಕ

ನಾಲ್ವರು ನಾಲ್ಕು ದಿಕ್ಕಿಗೆ ಒಬ್ಬೊಬ್ಬರಂತೆ, ನಡುವಿಗೆ ಮುಖ ಮಾಡಿ ನಿಲ್ಲಲಿ. ಎದುರುಬದುರಿನವರು ಜೋಡಿ. ಮೂಡಣ ಪಡುವಣದ ಜೋಡಿ ಮೊದಲು ಆಡುತ್ತದೆ, ಬಡಗಣ ತೆಂಕಣದ ಜೋಡಿ ಆಗ ನಿಂತಲ್ಲೇ ತಮ್ಮ ಕೋಲು ತಟ್ಟುತ್ತ ತಾಳ ಹಿಡಿಯುತ್ತದೆ. ಎಂಟು ಪೆಟ್ಟುಗಳ ಲೆಕ್ಕ ಹೀಗಿದೆ: ಒಂದು, ಎರಡಕ್ಕೆ ತನ್ನ ಕೋಲು ತಟ್ಟುತ್ತ ನಡುವಿಗೆ ಎರಡು ಹೆಜ್ಜೆ, ಮೂರಕ್ಕೆ ಕೆಂಪಿಗೆ ಕೆಂಪು, ನಾಲ್ಕಕ್ಕೆ ಬರಿಗೆ ಬರಿ, ಐದು, ಆರಕ್ಕೆ ಬಲಭುಜಗಳು ಪಕ್ಕಪಕ್ಕ ಹಾಯುವಂತೆ ದಾಟಿ ಎದುರಿನವರ ಜಾಗಕ್ಕೆ, ಏಳು, ಎಂಟಕ್ಕೆ ಬಲಕ್ಕೆ ತಿರುಗಿ ನಡುವಿಗೆ ಮುಖ ಮಾಡಿ ತನ್ನ ಕೋಲು ತಟ್ಟುವುದು. ಮುಂದಿನ ಎಂಟು ಪೆಟ್ಟುಗಳಲ್ಲಿ ಇನ್ನೊಂದು ಜೋಡಿ ಇದನ್ನೇ ಮಾಡುತ್ತದೆ.

ಎರಡು ಜೋಡಿಗಳೂ ಎರಡೆರಡು ಸಲ ದಾಟಿದರೆ 32 ಪೆಟ್ಟುಗಳಾಗಿ ಎಲ್ಲರೂ ತಂತಮ್ಮ ಜಾಗಕ್ಕೆ ಮರಳಿರುತ್ತಾರೆ. ಸಾಲಿಗೆ ಎಂಟು ಪೆಟ್ಟಿನಂತೆ ನಾಲ್ಕು ಸಾಲಿನ ನುಡಿಯೊಂದು ಮುಗಿಯುವುದೂ ಅಲ್ಲಿಗೇ. ಹೀಗೆ ನುಡಿಯೂ ಸುತ್ತೂ ಒಟ್ಟಿಗೆ ಮುಗಿಯುವ ವರಸೆಯನ್ನು ಮೊದಲು ಕಲಿತವರು ದಾರಿ ತಪ್ಪಿದರೂ ನುಡಿಯ ಕೊನೆಯನ್ನು ಕೇಳಿ ತಮ್ಮ ಜಾಗವನ್ನು ಮತ್ತೆ ಹಿಡಿದುಕೊಳ್ಳುತ್ತಾರೆ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಒಂದೇ: ದಾಟುವಾಗ ಇಬ್ಬರೂ ಒಬ್ಬರಿಗೊಬ್ಬರು ದಾರಿ ಬಿಡಲು ಒಂದೇ ಬದಿಗೆ ಸರಿದು ಎದುರಾಗುವುದು. ಕೆಂಪು ದಾರದ ಕೈ ಎದುರಿನವರ ಕೆಂಪು ದಾರದ ಕೈಯ ಪಕ್ಕದಲ್ಲೇ ಹಾಯಬೇಕು ಎಂದರೆ ಇದು ಸರಿಹೋಗುತ್ತದೆ.

ಆರು, ಎಂಟು ಜನರಿಗೆ ಒಳಸುತ್ತು ಹೊರಸುತ್ತು

ಆರು ಜನರಾದರೆ ಮೂವರು ಒಳಗೆ ಹೊರಮುಖವಾಗಿ, ಮೂವರು ಹೊರಗೆ ಒಳಮುಖವಾಗಿ ಎದುರುಬದುರು ನಿಲ್ಲಲಿ. ಎಂಟು ಪೆಟ್ಟು ಜೋಡಿಯೊಡನೆ ಆಡಿ, ಹೊರಸುತ್ತಿನವರು ಮಾತ್ರ ತಮ್ಮ ಕೋಲು ತಟ್ಟುತ್ತ ನಾಲ್ಕು ಹೆಜ್ಜೆಯಲ್ಲಿ ಬಲಕ್ಕೆ ಒಂದು ಜಾಗ ಸರಿಯಬೇಕು. ಒಳಗಿನವರು ಅಷ್ಟು ಹೊತ್ತು ಇದ್ದಲ್ಲೇ ಕೋಲು ತಟ್ಟುತ್ತಾರೆ. ಆ ಎರಡನೆಯ ಎಂಟರಲ್ಲಿ ಉಳಿದ ನಾಲ್ಕು ಪೆಟ್ಟು ಎಲ್ಲರಿಗೂ ನಿಲ್ಲಲು, ಹೊಸ ಜೋಡಿಯ ಮುಖ ನೋಡಲು. ಆರು ಜನರಲ್ಲಿ ಮೂರು ಸಲ ಸರಿದರೆ, ಎಂಟು ಜನರಲ್ಲಿ ನಾಲ್ಕು ಸಲ ಸರಿದರೆ ಮೊದಲಿನ ಜೋಡಿ ಮತ್ತೆ ಎದುರಿಗೆ ಬರುತ್ತದೆ.

ದೊಡ್ಡ ಮೇಳಗಳಲ್ಲಿ ಒಳಸುತ್ತು ಒಂದು ಕಡೆಗೆ, ಹೊರಸುತ್ತು ಇನ್ನೊಂದು ಕಡೆಗೆ ಸರಿಯುವುದು ನೋಡಲು ಬಹಳ ಚೆಂದ. ಆದರೆ ಚಿಕ್ಕ ಗುಂಪಿನಲ್ಲಿ ಇದನ್ನು ಆಡಿಸುವ ಮುನ್ನ ಲೆಕ್ಕ ಹಾಕಬೇಕು. ಎರಡು ಸುತ್ತುಗಳೂ ಒಂದೊಂದು ಜಾಗ ಸರಿದರೆ ನಡುವೆ ಒಬ್ಬರು ಬಿಟ್ಟುಹೋಗುತ್ತಾರೆ. ಆರು ಜನರಿಗೆ ತೊಂದರೆಯಿಲ್ಲ, ಎಲ್ಲರಿಗೂ ಎಲ್ಲರೂ ಸಿಗುತ್ತಾರೆ, ಮೂರನೆಯ ಸರಿತಕ್ಕೆ ಮೊದಲ ಜೋಡಿ ಬರುತ್ತದೆ. ಎಂಟು ಜನರಲ್ಲಿ ಮಾತ್ರ ಎರಡೇ ಮುಖಗಳು ಸರದಿಯಂತೆ ಬರುತ್ತಿರುತ್ತವೆ, ಉಳಿದಿಬ್ಬರು ಎಂದಿಗೂ ಎದುರಾಗುವುದಿಲ್ಲ. ನಾಲ್ಕು ಜನರಲ್ಲಿ ಸರಿದು ನೋಡಿದರೆ ಎದುರಿಗೆ ಅದೇ ಜೋಡಿ. ತಮ್ಮಿಂದ ಏನೋ ತಪ್ಪಾಯಿತೆಂದು ಗುಂಪಿನವರು ತಿಳಿಯುತ್ತಾರೆ, ತಪ್ಪು ಅವರದ್ದಲ್ಲ. ಆದ್ದರಿಂದ ನಾಲ್ಕು ಮತ್ತು ಎಂಟು ಜನರಿಗೆ ಒಂದು ಸುತ್ತು ಮಾತ್ರ ಸರಿಯಲಿ.

ಬೆಸ ಸಂಖ್ಯೆಯಲ್ಲಿದ್ದರೆ

ಚಿಕ್ಕ ಗುಂಪನ್ನು ಅತಿ ಹೆಚ್ಚು ಕಾಡುವುದು ಇದೇ. ಆರು ಜನ ಬರಬೇಕಾದ ದಿನ ಐವರು ಬರುತ್ತಾರೆ, ಒಬ್ಬರು ಜೋಡಿಯಿಲ್ಲದೆ ನಿಲ್ಲಬೇಕಾಗುತ್ತದೆ. ಜೋಡಿಯಿಲ್ಲದವರಿಗೆ ಗಾಳಿಯಲ್ಲಿ ಕೋಲು ಬೀಸಿ ಅಭ್ಯಾಸ ಮಾಡಿಕೊಳ್ಳಿ ಎಂದು ಎಂದಿಗೂ ಹೇಳಬೇಡಿ. ತಾಗದ ಕೋಲಿನಿಂದ ತಾಳ ಕಲಿಯಲಾಗದು, ಆ ವ್ಯಕ್ತಿ ಮುಂದಿನ ವಾರ ಬಾರದಿರಲೂಬಹುದು.

ಎರಡು ದಾರಿಗಳಿವೆ. ಒಬ್ಬರು ನಡುವೆ ನಿಂತು ಅಥವಾ ಕುಳಿತು ತಾಳ ಹಾಕುತ್ತ ಪದ ಹೇಳುವುದು ಮೊದಲನೆಯದು. ಇದು ಹಳ್ಳಿಯ ಮೇಳಗಳಲ್ಲೂ ಇರುವ ಪದ್ಧತಿಯೇ. ಮಂಡಿನೋವಿನ ಹಿರಿಯರಿದ್ದರೆ ಆ ಜಾಗ ಅವರಿಗೆ ಗೌರವದ್ದು. ಇಲ್ಲದಿದ್ದರೆ ಪದಕ್ಕೊಬ್ಬರಂತೆ ಸರದಿ ಇರಲಿ.

ಎರಡನೆಯದು ಜೋಡಿಯ ಹಂಗಿಲ್ಲದ ಒಂಟಿ ಸುತ್ತು. ಎಲ್ಲರೂ ನಡುವಿಗೆ ಮುಖ ಮಾಡಿ ನಿಂತು, ಒಂದಕ್ಕೆ ಬಗ್ಗಿ ಮಂಡಿಯೆತ್ತರದಲ್ಲಿ ತನ್ನ ಕೋಲು, ಎರಡಕ್ಕೆ ಎದೆಯೆತ್ತರದಲ್ಲಿ ತನ್ನ ಕೋಲು, ಮೂರಕ್ಕೆ ಎರಡೂ ತೋಳುಗಳನ್ನು ತೆರೆದು ಬಲಗಡೆಯವರ ಎಡಗೋಲಿಗೂ ಎಡಗಡೆಯವರ ಬಲಗೋಲಿಗೂ ಒಟ್ಟಿಗೇ ಪೆಟ್ಟು, ನಾಲ್ಕಕ್ಕೆ ಮತ್ತೆ ಎದೆಯೆತ್ತರದಲ್ಲಿ ತನ್ನದು. ಕೆಂಪು ಕೋಲು ಇಲ್ಲಿ ಬರಿಯ ಕೋಲಿಗೆ ತಾಗುತ್ತದೆ ಎಂಬುದನ್ನು ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಹಿಂದಿನ ವರಸೆಯ ರೂಢಿ ಅಡ್ಡಬರುತ್ತದೆ. ನಾಲ್ಕನೆಯ ಪೆಟ್ಟಿಗೆ ಎಲ್ಲರೂ ಬಲಕ್ಕೆ ಒಂದು ಹೆಜ್ಜೆ ಸರಿದರೆ ಸುತ್ತು ತಾನಾಗಿ ತಿರುಗುತ್ತದೆ. ಮೂವರು, ಐವರು, ಏಳು ಜನ, ಯಾರಿಗಾದರೂ ಇದು ನಡೆಯುತ್ತದೆ. ಮೂವರೇ ಇದ್ದಾಗ ಮಾತ್ರ ನೆರೆಯವರು ಪಕ್ಕದಲ್ಲಿರುವುದಿಲ್ಲ, ಓರೆಯಾಗಿ ಮುಂದೆ ಇರುತ್ತಾರೆ. ತೋಳು ಅಗಲಿಸದೆ ಕೋಲುಗಳನ್ನು ಮುಂದಕ್ಕೆ ಓರೆಯಾಗಿ ಚಾಚಬೇಕು.

ಹೆಣಿಗೆ ಮತ್ತು ಜಡೆ ಕೋಲಾಟ

ಮೇಲಿನ ವರಸೆಗಳು ಮಾತಿನ ನೆರವಿಲ್ಲದೆ ನಡೆಯತೊಡಗಿದ ಮೇಲೆ ಹೆಣಿಗೆಗೆ ಹೋಗಿ. ಇದಕ್ಕೆ ಸಮಸಂಖ್ಯೆ ಬೇಕು. ಎಲ್ಲರೂ ಒಂದೇ ಸುತ್ತಿನಲ್ಲಿ ಜೋಡಿಗೆ ಮುಖ ಮಾಡಿ ನಿಂತಾಗ ಅರ್ಧ ಜನ ಒಂದು ದಿಕ್ಕಿಗೆ, ಇನ್ನರ್ಧ ಜನ ಅದರ ಎದುರು ದಿಕ್ಕಿಗೆ ಮುಖ ಮಾಡಿರುತ್ತಾರೆ. ಕೊನೆಯವರೆಗೂ ಯಾರೂ ತಮ್ಮ ದಿಕ್ಕನ್ನು ಬದಲಿಸುವುದಿಲ್ಲ. ಮೊದಲು ಎದುರಾದವರಿಗೆ ಬಲಗೋಲು ಹುಯ್ದು ಬಲಭುಜ ಪಕ್ಕ ಹಾಯಿಸಿ ದಾಟು, ಮುಂದೆ ಎದುರಾದವರಿಗೆ ಎಡಗೋಲು ಹುಯ್ದು ಎಡಭುಜ ಹಾಯಿಸಿ ದಾಟು, ಮತ್ತೆ ಬಲ, ಮತ್ತೆ ಎಡ. ದಾಟಿಗೆ ನಾಲ್ಕು ಪೆಟ್ಟು: ತನ್ನದೊಂದು, ಎದುರಿನವರಿಗೊಂದು, ಹಾಯುತ್ತ ತನ್ನದೆರಡು. ಎಷ್ಟು ಜನರೋ ಅಷ್ಟು ದಾಟಿಗೆ ಎಲ್ಲರೂ ಹೊರಟ ಜಾಗಕ್ಕೆ ಬರುತ್ತಾರೆ. ಅರ್ಧ ದಾರಿಯಲ್ಲಿ, ಅಂದರೆ ನಾಲ್ವರಲ್ಲಿ ಎರಡು ದಾಟು, ಆರು ಜನರಲ್ಲಿ ಮೂರು ದಾಟು ಆದ ಮೇಲೆ, ಮೊದಲ ಜೋಡಿ ಎದುರಿನ ಬದಿಯಲ್ಲಿ ಮತ್ತೆ ಸಿಗುತ್ತದೆ. ಸಿಗದಿದ್ದರೆ ಯಾರೋ ದಿಕ್ಕು ಬದಲಿಸಿದ್ದಾರೆಂದೇ ಅರ್ಥ. ಮುಂದುವರಿಸದೆ ನಿಲ್ಲಿಸಿ, ಎಲ್ಲರನ್ನೂ ಮೊದಲ ಜಾಗಕ್ಕೆ ಕರೆಯಿರಿ.

ಈ ಹೆಣಿಗೆಯನ್ನೇ ಮೇಲಿನಿಂದ ಇಳಿಬಿಟ್ಟ ಬಣ್ಣದ ಹಗ್ಗಗಳ ತುದಿ ಹಿಡಿದು ಆಡಿದರೆ ಜಡೆ ಕೋಲಾಟ. ನಾಲ್ಕು ಹಗ್ಗದ ಜಡೆ ಸಣ್ಣದಾದರೂ ಅಚ್ಚುಕಟ್ಟಾಗಿ ಬರುತ್ತದೆ. ಆರು ಹಗ್ಗದ್ದು ಇನ್ನೂ ಸೊಗಸು. ಮೊದಮೊದಲು ಕೋಲು ಬಿಟ್ಟು ಹಗ್ಗ ಮಾತ್ರ ಹಿಡಿದು ನಡೆಸಿ. ಹಗ್ಗ ಕಟ್ಟುವ ಕೊಕ್ಕೆ ಗಟ್ಟಿಯಾಗಿದೆಯೇ ಎಂದು ಎಳೆದು ನೋಡಿ. ಫ್ಯಾನಿನ ಕೊಕ್ಕೆಗೆ ಫ್ಯಾನು ಇಳಿಸದೆ ಹಗ್ಗ ಕಟ್ಟುವುದು ಅಪಾಯ. ಹೆಣೆದಷ್ಟೂ ಹಗ್ಗ ಗಿಡ್ಡವಾಗುವುದರಿಂದ, ಸುತ್ತಿನ ಅಂಚಿನಲ್ಲಿ ನಿಂತವರ ಸೊಂಟದ ಬಳಿ ಇನ್ನೂ ಎರಡು ಮೂರು ಮೊಳ ಮಿಗುವಷ್ಟು ಉದ್ದ ಬಿಡಬೇಕು. ಹಗ್ಗ ಬಿಗಿಯಾಗಿರಬೇಕು, ಎಳೆಯಬಾರದು.

ಜಡೆ ಹೆಣೆಯುವುದು ಸುಲಭ, ಬಿಚ್ಚುವುದು ಕಷ್ಟ ಎಂದು ಎಲ್ಲರೂ ಹೇಳುತ್ತಾರೆ. ಬಿಚ್ಚುವುದಕ್ಕೂ ಒಂದು ನೇರವಾದ ನಿಯಮವಿದೆ. ನಿಂತಲ್ಲೇ ಎಲ್ಲರೂ ಹಿಂದಿರುಗಿ ನಿಂತರೆ, ಯಾರನ್ನು ಕೊನೆಯದಾಗಿ ದಾಟಿ ಬಂದಿರೋ ಅವರೇ ಈಗ ಮೊದಲು ಎದುರಾಗುತ್ತಾರೆ; ಆಗ ನೀವು ಒಳಗಿನಿಂದ ದಾಟಿದ್ದರೆ ಈಗಲೂ ಒಳಗಿನಿಂದ, ಹೊರಗಿನಿಂದ ದಾಟಿದ್ದರೆ ಈಗಲೂ ಹೊರಗಿನಿಂದಲೇ ದಾಟಬೇಕು. ಹೆಣೆಯುವುದನ್ನು ನಿಲ್ಲಿಸುವ ಮುನ್ನ ‘ನಾನೀಗ ಒಳಗೆ’, ‘ನಾನೀಗ ಹೊರಗೆ’ ಎಂದು ಒಬ್ಬೊಬ್ಬರೂ ಬಾಯಿಬಿಟ್ಟು ಹೇಳಿಕೊಳ್ಳಲಿ. ಅಷ್ಟು ಮಾಡಿದರೆ ಗಂಟು ಬೀಳುವುದು ಬಹುಮಟ್ಟಿಗೆ ತಪ್ಪುತ್ತದೆ.

ಮುನ್ನಡೆಸುವುದು

ಚಿಕ್ಕ ಗುಂಪಿನಲ್ಲಿ ಮುನ್ನಡೆಸುವವರು ಹೊರಗೆ ನಿಂತು ಕೈ ತೋರಿಸುವ ಹಾಗಿಲ್ಲ. ಹೊರಗೆ ನಿಂತರೆ ಒಂದು ಜೋಡಿಯೇ ಕಡಿಮೆಯಾಗುತ್ತದೆ. ಆಡುತ್ತಲೇ ಆಡಿಸಬೇಕು. ಅದಕ್ಕಾಗಿ ಸೂಚನೆಗಳು ಚಿಕ್ಕವಾಗಿರಬೇಕು: ‘ದಾಟು’, ‘ಸರಿ’, ‘ತಿರುಗು’, ‘ನಿಲ್ಲು’. ಮುಂದಿನ ಎಂಟರ ಮೊದಲ ಪೆಟ್ಟಿಗೆ ಬದಲಾವಣೆ ಬೇಕಾದರೆ ಈಗಿನ ಎಂಟರ ಆರನೆಯ ಪೆಟ್ಟಿಗೆ ಸೂಚನೆ ಹೊರಡಬೇಕು. ಎಂಟನೆಯದಕ್ಕೆ ಹೇಳಿದರೆ ಕೇಳಿದವರು ಒಂದು ಪೆಟ್ಟು ತಡವಾಗಿ ಬದಲಾಗುತ್ತಾರೆ, ಕೇಳಿಸದವರು ಹಾಗೇ ಮುಂದುವರಿಯುತ್ತಾರೆ. ಪದದ ನಡುವೆ ಗದರುವ ದನಿಯ ಸೂಚನೆ ಬೇಡ. ಪದದ ಮಟ್ಟಿನಲ್ಲೇ ಹೇಳಿದರೆ ಅದು ಹಾಡಿನೊಳಗೆ ಬೆರೆತುಹೋಗುತ್ತದೆ.

ಯಾರಾದರೂ ತಪ್ಪಿದಾಗ ಅವರ ಹೆಸರು ಹಿಡಿದು ಕೂಗಬೇಡಿ. ನಾಲ್ಕು ಜನರಲ್ಲಿ ತಪ್ಪು ಯಾರದ್ದೆಂದು ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ. ಸೊಲ್ಲನ್ನು ಮತ್ತೊಮ್ಮೆ ಎತ್ತಿ, ಎಲ್ಲರೂ ಇದ್ದಲ್ಲೇ ತಮ್ಮ ಕೋಲು ತಟ್ಟುವಂತೆ ಮಾಡಿ, ತಾಳ ಕೂಡಿಕೊಂಡ ಮೇಲೆ ಮುಂದುವರಿಸಿ. ಒಂದೇ ಕಡೆ ಮತ್ತೆ ಮತ್ತೆ ತಪ್ಪುತ್ತಿದ್ದರೆ ಆ ಜೋಡಿಯನ್ನು ಬದಲಿಸಿ, ತಪ್ಪುವವರ ಎದುರಿಗೆ ನೀವೇ ನಿಲ್ಲಿ. ವೇಗ ಹೆಚ್ಚಿಸುವುದಾದರೆ ಸೊಲ್ಲಿನಲ್ಲಿ ಮಾತ್ರ ಹೆಚ್ಚಿಸಿ. ಸಾಲಿನ ನಡುವೆ ಓಡಿದರೆ ಪದ ಹೇಳುವವರ ಮಾತು ನುಂಗಿಹೋಗುತ್ತದೆ. ಮಕ್ಕಳಿರುವ ಗುಂಪಿನಲ್ಲಿ ವೇಗ ತಾನಾಗಿಯೇ ಏರುತ್ತಿರುತ್ತದೆ, ಅಲ್ಲಿ ತಡೆಯುವುದೇ ನಿಮ್ಮ ಕೆಲಸ.

ಕೆಲವು ವಾರಗಳ ಬಳಿಕ ಮುನ್ನಡೆಸುವ ಹೊಣೆಯನ್ನು ಬೇರೆಯವರಿಗೂ ಒಪ್ಪಿಸಿ. ಪದ ಒಬ್ಬರು ಎತ್ತಲಿ, ಸೂಚನೆ ಇನ್ನೊಬ್ಬರು ಕೊಡಲಿ. ನೀವು ಬಾರದ ದಿನವೂ ಗುಂಪು ಸೇರಿ ಆಡುವಂತಾಗಬೇಕು.

ಹಬ್ಬಕ್ಕೋ ರಾಜ್ಯೋತ್ಸವಕ್ಕೋ ವೇದಿಕೆಯ ಮೇಲೆ ಆಡಬೇಕಾಗಿ ಬಂದಾಗ, ಚಿಕ್ಕ ಗುಂಪು ದೊಡ್ಡ ವೇದಿಕೆಯಲ್ಲಿ ಚದುರಿ ನಿಂತು ಜಾಗ ತುಂಬಿಸಲು ಹೋಗಬಾರದು. ಅಭ್ಯಾಸದ ಅಳತೆಯ ಸುತ್ತನ್ನು ಸುಣ್ಣದಿಂದಲೋ ಟೇಪಿನಿಂದಲೋ ಗುರುತು ಮಾಡಿಕೊಂಡು ಅದರೊಳಗೇ ಆಡಿ. ಸಾಧ್ಯವಾದರೆ ವೇದಿಕೆ ಬಿಟ್ಟು ಕೆಳಗೆ, ನೋಡುವವರ ನಡುವೆಯೇ ಆಡುವುದು ಇನ್ನೂ ಉತ್ತಮ. ಮೈಕನ್ನು ಪದ ಹೇಳುವವರ ಬಾಯಿಗೆ ಹಿಡಿಯುವುದಕ್ಕಿಂತ ಸುತ್ತಿನ ನಡುವೆ ಮೊಣಕಾಲೆತ್ತರದಲ್ಲಿ ನಿಲ್ಲಿಸಿದರೆ ಕೋಲಿನ ಸದ್ದೂ ದನಿಯೂ ಸಮನಾಗಿ ಕೇಳಿಸುತ್ತವೆ. ಆದರೆ ಹೆಣಿಗೆ ಆಡುವಾಗ ಅದರ ತಂತಿ ಕಾಲಿಗೆ ತೊಡರದಂತೆ ನೆಲಕ್ಕೆ ಅಂಟಿಸಿರಬೇಕು. ಹತ್ತು ನಿಮಿಷಕ್ಕೆ ಮೂರು ಪದ ಸಾಕು: ಗಣಪತಿಯ ಪದಕ್ಕೆ ನಿಧಾನದ ಒಂಟಿ ಸುತ್ತು, ನಡುವಿನದಕ್ಕೆ ಚೌಕ ಅಥವಾ ಒಳಸುತ್ತು ಹೊರಸುತ್ತು, ಕೊನೆಯದಕ್ಕೆ ಹೆಣಿಗೆ. ಆಟ ಮುಗಿದ ಮೇಲೆ ನೋಡುತ್ತಿದ್ದವರಲ್ಲಿ ಆಸಕ್ತರನ್ನು ಕರೆದು, ಅವರ ಕೈಗೆ ಕೋಲು ಕೊಟ್ಟು, ಒಂಟಿ ಸುತ್ತಿನಲ್ಲಿ ನಿಮ್ಮವರ ನಡುನಡುವೆ ನಿಲ್ಲಿಸಿಕೊಂಡು ಅದೇ ಗಣಪತಿಯ ಪದವನ್ನು ಮತ್ತೊಮ್ಮೆ ಆಡಿಸಿ. ಅದಕ್ಕಾಗಿ ನಾಲ್ಕಾರು ಜೊತೆ ಕೋಲುಗಳು ಚೀಲದಲ್ಲಿ ಹೆಚ್ಚಿಗೆ ಇರಲಿ.